ಕೊಡತಿಪಾರೆಗೆ ಆ ಹೆಸರು ಬಂದ ಬಗೆ

ನೇರಳಕೋಡಿಯ ಹೊಳೆ ಕಡಲನ್ನು ಸೇರುವ ಅಳಿವೆಯ ಬಡಗು ದಂಡೆಯಲ್ಲಿ ಒಂದು ಕಪ್ಪು ಹಾಸುಬಂಡೆ ನೀರಿನೊಳಕ್ಕೆ ಚಾಚಿಕೊಂಡು ನಿಂತಿದೆ. ಮಳೆಗಾಲದಲ್ಲಿ ಅದರ ಹತ್ತಿರ ಯಾರೂ ಸುಳಿಯುವುದಿಲ್ಲ. ಮಾರ್ಗಶಿರ ಕಾಲಿಟ್ಟು ಗಾಳಿ ತಣ್ಣಗಾಗಿ ಕಡಲು ಮಣಿದ ಮೇಲೆ ಮಾತ್ರ ಬೆಳಗಿನ ಹೊತ್ತು ದಂಡೆಗುಂಟ ನಡೆಯುವವರು ಅಲ್ಲಿಯವರೆಗೆ ಬಂದು, ಬಂಡೆಯ ಮೇಲೆ ಕುಳಿತು, ಹೊರಡುವ ದೋಣಿಗಳನ್ನು ನೋಡುತ್ತಾರೆ. ಈಚೆಗೆ ಯಾರೋ ಅಲ್ಲೊಂದು ಫಲಕ ನೆಟ್ಟು ಅದಕ್ಕೆ ‘ವ್ಯೂ ಪಾಯಿಂಟ್’ ಎಂದು ನಾಮಕರಣ ಮಾಡಿದ್ದಾರೆ. ಫಲಕ ಎರಡು ಮಳೆಗಾಲಕ್ಕೇ ತುಕ್ಕು ಹಿಡಿಯಿತು, ಊರವರ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಅವರಿಗೆ ಅದು ಕೊಡತಿಪಾರೆಯೇ. ಪಾರೆ ಎಂದರೆ ಹಾಸುಬಂಡೆ. ಕೊಡತಿ ಎಂದರೆ ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುವ ಮರದ ಸುತ್ತಿಗೆ. ಬಂಡೆಯ ನೆತ್ತಿಯ ಮೇಲೆ ಅಂಗೈಯಗಲದ ಗುಳಿಗಳಿವೆ. ಎಷ್ಟಿವೆ ಎಂದು ಎಣಿಸಿದವರು ಬಹಳ ಮಂದಿ, ಆದರೆ ಇಬ್ಬರ ಎಣಿಕೆ ಇದುವರೆಗೆ ಕೂಡಿಬಂದಿಲ್ಲ. ಅಲೆ ಕೊರೆದ ಗುಳಿ ಎಂದು ಓದಿದವರು ಹೇಳುತ್ತಾರೆ. ಅಲೆ ಅಷ್ಟು ಎತ್ತರಕ್ಕೆ ಹತ್ತುವುದಿಲ್ಲವಲ್ಲ ಎಂದು ಕೇಳಿದರೆ ಓದಿದವರು ಮಾತು ಬದಲಿಸುತ್ತಾರೆ.

ಹಿಂದೆ ಒಮ್ಮೆ, ದೋಣಿಗಳಿಗೆ ಮೊಳೆ ಹೊಡೆಯುವ ಪದ್ಧತಿ ಇನ್ನೂ ಇಲ್ಲಿಗೆ ಬಾರದಿದ್ದ ಕಾಲದಲ್ಲಿ, ನೇರಳಕೋಡಿಯಲ್ಲಿ ಏಳು ದೋಣಿಗಳಿದ್ದವು ಎನ್ನುತ್ತಾರೆ. ಏಳೂ ಹೊಲಿದ ದೋಣಿಗಳು. ಹಲಗೆಗೆ ಹಲಗೆ ಕೂಡಿಸಿ, ಅಂಚಿನಲ್ಲಿ ತೂತು ಕೊರೆದು, ಕತ್ತದ, ಅಂದರೆ ತೆಂಗಿನ ನಾರಿನ, ಹಗ್ಗದಿಂದ ಬಿಗಿಯಾಗಿ ಹೊಲಿದು, ಮೇಲೆ ಮೀನೆಣ್ಣೆ ಬಳಿಯುತ್ತಿದ್ದರು. ದೋಣಿ ಗಂಡಸರದ್ದು, ಹಗ್ಗ ಹೆಂಗಸರದ್ದು. ತೆಂಗಿನ ಸಿಪ್ಪೆಯನ್ನು ಹೊಳೆಯ ಕೆಸರಿನಲ್ಲಿ ಹತ್ತು ತಿಂಗಳು ಹುಗಿದು ಕೊಳೆಸಿ, ಮೇಲೆತ್ತಿ, ಕೊಡತಿಯಿಂದ ಬಡಿದು, ನಾರು ಬಿಡಿಸಿ, ತೊಡೆಯ ಮೇಲಿಟ್ಟು ಹೊಸೆಯುವವರು ಅವರು. ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ದೋಣಿ ಕಡಲಲ್ಲಿರುವಾಗ ದಂಡೆಯಲ್ಲಿ ಯಾರೂ ಕತ್ತ ಬಡಿಯಬಾರದು. ಬಡಿದರೆ ಅಲ್ಲಿ ದೋಣಿಯ ಹೊಲಿಗೆ ಸಡಿಲವಾಗುತ್ತದೆ ಎಂದು ನಂಬಿಕೆ. ಹೀಗಾಗಿ ಬೆಳಗಿನ ತಂಪಿನಲ್ಲಿ ಮುಗಿಸಬಹುದಾದ ಕೆಲಸವನ್ನು ಹೆಂಗಸರು ದೋಣಿಗಳೆಲ್ಲ ಮರಳಿದ ಮೇಲೆ, ಮೀನು ಬುಟ್ಟಿಗೆ ತುಂಬಿ, ಮಾರಿ, ಅಡುಗೆ ಮಾಡಿ, ಇಳಿಬಿಸಿಲಿನಲ್ಲಿ ಕುಳಿತು ಮಾಡುತ್ತಿದ್ದರು. ಈ ಕಟ್ಟಳೆ ಮಾಡಿದವರು ಯಾರೇ ಇರಲಿ, ಅವರು ಕತ್ತ ಬಡಿದವರಂತೂ ಅಲ್ಲ.

ಆ ಏಳು ದೋಣಿಗಳ ಯಜಮಾನಿಕೆ ಹೆರಿಯ ತಾಂಡೇಲನದು. ತಾಂಡೇಲ ಎಂದರೆ ದೋಣಿಯ ಹಿಂಬದಿಯಲ್ಲಿ ನಿಂತು ದಿಕ್ಕು ಹಿಡಿಯುವವನು. ಅವನ ಮಾತು ಮೀರಿ ಅಳಿವೆ ದಾಟಿದ ದೋಣಿ ಇರಲಿಲ್ಲ. ಅವನ ಹೆಂಡತಿ ಲಚ್ಚಮ್ಮ ಕಟ್ಟಳೆಗಳ ವಿಷಯದಲ್ಲಿ ಗಂಡನಿಗಿಂತ ಒಂದು ಕೈ ಮೇಲು. ದೋಣಿ ಹೊರಟ ಮೇಲೆ ಕೇರಿಯಲ್ಲಿ ಯಾರಾದರೂ ಮರೆತು ಸೌದೆ ಒಡೆದರೂ ಅವಳು ಅಂಗಳಕ್ಕೆ ಬಂದು ಕಿವಿ ನಿಮಿರಿಸುತ್ತಿದ್ದಳು. ಅವರ ಮಗ ಶೀನ ತಂದೆಯ ದೋಣಿಯಲ್ಲೇ ಹುಟ್ಟು ಹಾಕುತ್ತಿದ್ದ. ಶೀನನ ಹೆಂಡತಿ ಚಂದು. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತಷ್ಟೆ. ಮಾತು ಕಡಿಮೆ, ನಡಿಗೆ ಜಾಸ್ತಿ. ಇಳಿತದ ಹೊತ್ತಿಗೆ ದಂಡೆಗುಂಟ ನಡೆದು, ಪಾರೆಯ ಬುಡಕ್ಕೆ ಇಳಿದು, ಮಳಿಚಿಪ್ಪು ಹೆಕ್ಕಿ ತರುವುದು ಅವಳ ನಿತ್ಯದ ಕೆಲಸ. ಹಾಗೆ ಇಳಿಯುವಾಗಲೆಲ್ಲ ಅವಳೊಂದು ಸಂಗತಿ ಗಮನಿಸಿದ್ದಳು. ಪಾರೆಯ ಅಡಿ ಪೊಳ್ಳು. ಮೇಲೆ ಯಾರಾದರೂ ಕಾಲೂರಿ ನಡೆದರೆ ಕೆಳಗಿನ ಗವಿಯಲ್ಲಿ ಅದರ ಸದ್ದು ಹತ್ತು ಪಟ್ಟಾಗಿ ಕಡಲಿನತ್ತ ಹೋಗುತ್ತಿತ್ತು. ಅತ್ತೆಗೆ ಒಮ್ಮೆ ಹೇಳಿದಳು. ಚಿಪ್ಪು ಹೆಕ್ಕಲು ಹೋದವಳು ಚಿಪ್ಪು ಹೆಕ್ಕಿಕೊಂಡು ಬಾ ಎಂದು ಅತ್ತೆ ಮಾತು ಮುಗಿಸಿದಳು.

ಆ ವರ್ಷ ಪುಷ್ಯ ಮಾಸದ ಒಂದು ದಿನ ಬೆಳಕು ಹರಿಯುವ ಮೊದಲೇ ಏಳೂ ದೋಣಿಗಳು ಮೂಡುಗಾಳಿ ಹಿಡಿದು ಹೊರಟುಹೋದವು. ಆಕಾಶ ತಿಳಿಯಾಗಿತ್ತು. ಎರಡು ದಿನದಿಂದ ದೂರದ ಯಾವುದೋ ಬಿರುಗಾಳಿಯ ಅಲೆಗಳು ಬರುತ್ತಿದ್ದವಾದರೂ ಅದು ಹೆದರುವಷ್ಟೇನೂ ಇರಲಿಲ್ಲ. ಆದರೆ ಹೊತ್ತು ಮೂಡುತ್ತಿದ್ದಂತೆ ಗಾಳಿ ನಿಂತಿತು, ಹೊಳೆಯಿಂದ ಮಂಜು ಎದ್ದು ಕಡಲಿನ ಮೇಲೆ ಹಾಸಿತು. ಚಳಿಗಾಲದಲ್ಲಿ ಮಂಜು ಹೊಸದಲ್ಲ, ಒಂದು ಮಾರು ಬಿಸಿಲು ಏರಿದರೆ ಕರಗುತ್ತದೆ. ಅಂದು ಕರಗಲಿಲ್ಲ. ಎರಡು ಮಾರು ಏರಿದರೂ ದಂಡೆಯಲ್ಲಿ ನಿಂತವರಿಗೆ ತಮ್ಮ ಕಾಲ ಬುಡದ ಅಲೆ ಕಾಣುತ್ತಿರಲಿಲ್ಲ.

ಕೇರಿಯ ಹೆಂಗಸರೆಲ್ಲ ಮರಳಿಗೆ ಬಂದು ನಿಂತರು. ಯಾರೂ ಹೇಳದಿದ್ದರೂ ಅಪಾಯ ಏನೆಂದು ಎಲ್ಲರಿಗೂ ಗೊತ್ತಿತ್ತು. ಅಳಿವೆಯ ಬಾಯಿ ಮೂರು ದೋಣಿಯಗಲ. ಅದರ ಬಡಗು ಬದಿಗೆ ಪಾರೆ, ಪಾರೆಯಾಚೆ ನೀರಿನಡಿ ನರಿಹಲ್ಲು ಎಂಬ ಮೊನಚು ಬಂಡೆಗಳ ಸಾಲು. ತೆಂಕಿಗೆ ಮರಳಿನ ಕೋಡಿ, ಅಂದರೆ ನೀರಿಗೆ ಚಾಚಿದ ಮರಳದಿಬ್ಬ; ಅಲ್ಲಿ ಅಲೆ ಮುರಿದು ದೋಣಿಯನ್ನು ಮಗುಚುತ್ತದೆ. ಅಳಿವೆಯ ಹೊರಗೆ ನಿಂತು ಕಾಯೋಣವೆಂದರೆ ಲಂಗರಿನ ಕಲ್ಲು ಹಿಡಿಯದ ನುಣ್ಣನೆಯ ಕೆಸರು, ಮೇಲೆ ನರಿಹಲ್ಲಿನ ಕಡೆಗೇ ಎಳೆಯುವ ಸೆಳೆತ. ಉಬ್ಬರ ಇರುವವರೆಗೆ ಒಳಗೆ ಬಂದರೆ ಬಂದ ಹಾಗೆ. ನಡುಹಗಲಿಗೆ ಇಳಿತ ಶುರುವಾದರೆ ಹೊಳೆಯ ನೀರಿಗೂ ಕಡಲಿನ ಅಲೆಗೂ ಅಳಿವೆಯಲ್ಲೇ ಜಗಳ ಹತ್ತಿಕೊಳ್ಳುತ್ತದೆ, ಆಮೇಲೆ ಕಣ್ಣು ಕಂಡರೂ ಬರಲಾಗುವುದಿಲ್ಲ. ನಲವತ್ತೆರಡು ಗಂಡಸರು ಆ ಬಿಳುಪಿನೊಳಗಿದ್ದರು. ಬೊಬ್ಬೆ ಹಾಕಿದರು. ಅಲೆಯ ಮೊರೆತದಲ್ಲಿ ಮನುಷ್ಯರ ದನಿ ಹತ್ತು ಮಾರು ಹೋಗಲಿಲ್ಲ. ಬೆಂಕಿ ಹಚ್ಚಿದರು. ಹೊಗೆ ಮಂಜಿನಲ್ಲಿ ಸೇರಿ ಮಂಜೇ ಇನ್ನಷ್ಟು ದಪ್ಪವಾಯಿತು.

ಚಂದು ಮನೆಗೆ ಹೋದಳು. ಮರಳಿ ಬಂದಾಗ ಅವಳ ಕೈಯಲ್ಲಿ ಹುಣಸೆಮರದ ಕೊಡತಿ ಇತ್ತು. ನೇರ ಪಾರೆಯ ಕಡೆಗೆ ಹೊರಟವಳಿಗೆ ಲಚ್ಚಮ್ಮ ಅಡ್ಡ ಬಂದು ನಿಂತಳು.

“ಎಂತಾ ಮಾಡುಕ್ ಹೊರ್ಟೆ ಹೆಣೆ? ಗಂಡಸ್ರ್ ಕಡಲಗಿದ್ರ್. ಕೊಡ್ತಿ ಕೆಳ್ಗಿಡ್.”

ಚಂದುವಿಗೆ ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು. ಅವಳೂ ಆ ನಂಬಿಕೆಯಲ್ಲೇ ಬೆಳೆದವಳು. ತಾನು ಹಾಕುವ ಒಂದೊಂದು ಪೆಟ್ಟಿಗೂ ಶೀನ ಕುಳಿತ ದೋಣಿಯ ಒಂದೊಂದು ಹೊಲಿಗೆ ಬಿಚ್ಚಿಕೊಂಡರೆ ಎಂದು ಅವಳೂ ಯೋಚಿಸಿದ್ದಳು. ಆದರೆ ಮನೆಯಿಂದ ಬರುವ ದಾರಿಯಲ್ಲಿ ಅವಳು ತನ್ನ ಅಂಗೈ ನೋಡಿಕೊಂಡಿದ್ದಳು. ಹೋದ ವರ್ಷ ಆ ದೋಣಿಯ ಹೊಲಿಗೆಯ ಹಗ್ಗ ಹೊಸೆದಾಗ ಎದ್ದ ಗುಳ್ಳೆಗಳ ಕಲೆ ಇನ್ನೂ ಅಲ್ಲಿತ್ತು.

“ಅತ್ತೆ, ಆ ಹಗ್ಗ ಹೊಸ್ದದ್ ನಾನೂ ನೀವೂ. ಕೊಡ್ತಿ ಸದ್ದ್ ಕೇಂಡ್ರೆ ಬಿಚ್ಚಿ ಹೋಪಂಥ ಹಗ್ಗ ಅಲ್ಲ ಅದ್,” ಎಂದಳು.

ಲಚ್ಚಮ್ಮ ದಾರಿ ಬಿಡಲಿಲ್ಲ. ಚಂದು ಅವಳನ್ನು ಬಳಸಿಕೊಂಡು ಪಾರೆ ಹತ್ತಿದಳು. ಗವಿಯ ನೆತ್ತಿ ಎಲ್ಲಿದೆಯೆಂದು ಅವಳ ಪಾದಕ್ಕೆ ಗೊತ್ತಿತ್ತು. ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಣ್ಣು ಮುಚ್ಚಿ, ಕೊಡತಿ ಎತ್ತಿ ಹೊಡೆದಳು. ಬಂಡೆಯ ಹೊಟ್ಟೆಯೊಳಗಿಂದ ಎದ್ದ ಸದ್ದಿಗೆ ದಂಡೆಯಲ್ಲಿದ್ದವರು ಬೆಚ್ಚಿಬಿದ್ದರು. ಎರಡನೆಯ ಪೆಟ್ಟು ಬಿತ್ತು, ಮೂರನೆಯದು ಬಿತ್ತು. ಒಬ್ಬೊಬ್ಬರಾಗಿ ಹೆಂಗಸರು ತಮ್ಮ ತಮ್ಮ ಮನೆಗೆ ಓಡಿದರು. ಓಡಿದವರು ಬಾಗಿಲು ಹಾಕಿಕೊಳ್ಳಲು ಹೋದರೆಂದು ಚಂದು ತಿಳಿದಳು. ಅವರೆಲ್ಲ ಕೊಡತಿ ಹಿಡಿದುಕೊಂಡು ಬಂದರು.

ಇಪ್ಪತ್ತು ಕೊಡತಿಗಳು ಒಟ್ಟಿಗೆ ಬೀಳತೊಡಗಿದ ಮೇಲೆ ಚಂದುವಿಗೆ ಇನ್ನೊಂದು ಯೋಚನೆ ಬಂದು ಅವಳ ಕೈ ನಿಂತಿತು. ಸದ್ದು ಪಾರೆಯಿಂದ ಮಾತ್ರ ಬಂದರೆ ದೋಣಿಗಳು ಪಾರೆಗೇ ಬಂದು ಅಪ್ಪಳಿಸುತ್ತವೆ. ಇಲ್ಲವೇ ಪಾರೆಗೆ ಹೆದರಿ ತೆಂಕಿಗೆ ತಿರುಗಿ ಮರಳಿನ ಕೋಡಿಗೆ ಬಡಿಯುತ್ತವೆ. ಆ ಬದಿಯಿಂದಲೂ ಒಂದು ಸದ್ದು ಬೇಕು. ಆದರೆ ಮರಳನ್ನು ಎಷ್ಟು ಬಡಿದರೂ ಅದು ದನಿ ಕೊಡುವುದಿಲ್ಲ. ಅವಳು ಎದ್ದು ಅತ್ತೆ ಎಲ್ಲಿ ಎಂದು ಕೇಳಿದಳು. ಅತ್ತೆ ದಂಡೆಯಲ್ಲಿರಲಿಲ್ಲ. ಮಂಜಿನೊಳಗೆ ಹೊಳೆಯ ಕಡೆಯಿಂದ ಹುಟ್ಟಿನ ಸದ್ದು ಕೇಳಿಸಿತು. ಮೀನುಗಾರನ ಮಗಳಾಗಿ ಹುಟ್ಟಿ, ಮದುವೆಯಾದ ಮೇಲೆ ಒಮ್ಮೆಯೂ ದೋಣಿ ಮುಟ್ಟದಿದ್ದ ಲಚ್ಚಮ್ಮ ತನ್ನ ಕೊಡತಿಯನ್ನು ಕಾಲ ಬಳಿ ಇಟ್ಟುಕೊಂಡು, ಪುಟ್ಟ ಪಾತಿದೋಣಿಗೆ ತಾನೇ ಹುಟ್ಟು ಹಾಕುತ್ತ ಹೊಳೆ ದಾಟುತ್ತಿದ್ದಳು. ತೆಂಕಿನಿಂದಲೂ ಒಂದು ಸದ್ದು ಬೇಕೆಂದು ಅವಳಿಗೂ ಹೊಳೆದಿತ್ತು.

ಆಚೆಯ ಮರಳಿನ ಕೋಡಿಯಲ್ಲಿ ಹೆರಿಯ ತಾಂಡೇಲನ ಮೊದಲ ದೋಣಿ ಕವುಚಿ ಬಿದ್ದಿತ್ತು. ಹಲಗೆ ಸೀಳಿ ಹತ್ತು ವರ್ಷವಾಗಿದ್ದರೂ ಅದನ್ನು ಸೌದೆಗೆ ಕೊಡಲು ಅವನಿಗೆ ಮನಸ್ಸು ಬಂದಿರಲಿಲ್ಲ. ಹೋಗಿ ಬರುವಾಗ ಒಮ್ಮೆ ಅದರ ಬೆನ್ನು ತಟ್ಟಿ ಹೋಗುತ್ತಿದ್ದ. ಕತ್ತ ಬಡಿಯುವುದೇ ತಪ್ಪಾದರೆ ದೋಣಿಯನ್ನೇ ಬಡಿಯುವುದು ಎಂಥ ತಪ್ಪು ಎಂದು ಲಚ್ಚಮ್ಮನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ. ಅವಳು ಸೆರಗು ಬಿಗಿದು ಆ ದೋಣಿಯ ಬೆನ್ನಿಗೆ ಎರಡೂ ಕೈಯಿಂದ ಕೊಡತಿ ಬೀಸಿದಳು. ತೆಂಕಿನಿಂದ ಮರದ ಸದ್ದು ಬಂದಾಗ ಪಾರೆಯ ಮೇಲಿದ್ದ ಚಂದು ಅತ್ತುಬಿಟ್ಟಳಂತೆ. ಅಳುತ್ತಲೇ ಮತ್ತೆ ಕುಳಿತು ಬಡಿದಳು. ಬಡಗಿನಲ್ಲಿ ಕಲ್ಲಿನ ದನಿ, ತೆಂಕಿನಲ್ಲಿ ಮರದ ದನಿ, ನಡುವೆ ದಾರಿ.

ಬಹಳ ಹೊತ್ತು ಕಡಲಿನಿಂದ ಯಾವ ಉತ್ತರವೂ ಬರಲಿಲ್ಲ. ಅಂಗೈಯ ಚರ್ಮ ಎದ್ದಿತು, ಕೊಡತಿಯ ಹಿಡಿ ರಕ್ತದಿಂದ ಜಾರತೊಡಗಿತು. ಆಮೇಲೆ ಮಂಜಿನೊಳಗೆ ಯಾರೋ ದೋಣಿಯ ಅಂಚಿಗೆ ಹುಟ್ಟಿನಿಂದ ಮೂರು ಸಲ ಬಡಿದರು. ಕೇಳಿಸಿಕೊಂಡೆವು, ಬರುತ್ತಿದ್ದೇವೆ ಎಂಬಂತೆ ಇತ್ತು ಅದು. ಮೊದಲ ದೋಣಿಯ ಮೂತಿ ಕಲ್ಲಿನ ದನಿಯನ್ನು ಎಡಕ್ಕೆ, ಮರದ ದನಿಯನ್ನು ಬಲಕ್ಕೆ ಇಟ್ಟುಕೊಂಡು ಸರಿಯಾಗಿ ನಡುಬಾಯಿಯಲ್ಲಿ ಕಾಣಿಸಿತು. ಅದರ ಹಿಂದೆ ಎರಡನೆಯದು. ಒಂದೊಂದೂ ಮೂರು ಸಲ ಬಡಿದೇ ಬಂತು. ಆರು ದೋಣಿಗಳು ಒಳಸೇರಿದವು. ಏಳನೆಯದು ಬರಲಿಲ್ಲ. ಅದು ತಾಂಡೇಲನದು, ಶೀನ ಇದ್ದದ್ದು ಅದರಲ್ಲೇ.

ತಮ್ಮವರು ಬಂದು ಮುಟ್ಟಿದ ಹೆಂಗಸರು ಪಾರೆಯಿಂದ ಇಳಿಯಬಹುದಿತ್ತು. ಒಬ್ಬಳೂ ಇಳಿಯಲಿಲ್ಲ. ನೀರು ಇಳಿತಕ್ಕೆ ತಿರುಗುವ ಹೊತ್ತಾಗಿತ್ತು. ಅಳಿವೆಯಲ್ಲಿ ಅಲೆ ಮುರಿಯುವ ಸದ್ದು ಆಗಲೇ ಎದ್ದಿತ್ತು. ಹೊರಗೆ ನಡೆದದ್ದು ಏನೆಂದರೆ, ಹೆರಿಯ ತಾಂಡೇಲ ಕಲ್ಲಿನ ಸದ್ದು ಕೇಳಿದೊಡನೆ ಸಿಡಿಮಿಡಿಗೊಂಡಿದ್ದ. ನಾವು ನೀರಿನಲ್ಲಿರುವಾಗ ಊರಿನಲ್ಲಿ ಕೊಡತಿ ಎತ್ತಿದವರು ಯಾರು ಎಂದು ಹಲ್ಲು ಕಡಿದು, ಅತ್ತ ಯಾರೂ ಹೋಗಬಾರದೆಂದು ಕೂಗಿದ. ಉಳಿದ ಆರು ದೋಣಿಯವರು ಮೊದಲ ಬಾರಿಗೆ ಅವನ ಮಾತು ಮೀರಿ ಸದ್ದಿನ ಕಡೆಗೆ ತಿರುಗಿದರು. ಅವನು ಮಾತ್ರ ಅಪಶಕುನಕ್ಕೆ ಬೆನ್ನು ಹಾಕಿ, ನರಿಹಲ್ಲಿನ ದಿಕ್ಕೆಂದು ತಿಳಿಯದೆ ಅತ್ತಲೇ ದೋಣಿ ತಿರುಗಿಸಿದ. ಆಗ ಮರದ ಸದ್ದು ಅವನ ಕಿವಿಗೆ ಬಿತ್ತು.

“ಶೀನ, ಇದ್ ನನ್ ದೋಣಿ ದನಿ. ನನ್ ದೋಣಿ ದನಿ ನಂಗ್ ಗೊತ್ತಿಲ್ಯಾ?” ಎಂದು ಚುಕ್ಕಾಣಿಯನ್ನು ಪೂರ್ತಿ ಹೊರಳಿಸಿದ.

ಏಳನೆಯ ದೋಣಿ ಮುರಿಯುವ ಅಲೆಯ ಬೆನ್ನೇರಿ ಒಳಗೆ ಬಂದಾಗ ದಂಡೆಯವರೆಲ್ಲ ಎದೆಮಟ್ಟದ ನೀರಿಗೆ ಇಳಿದು ಅದನ್ನು ಹಿಡಿದು ಎಳೆದರು. ತಾಂಡೇಲ ಇಳಿದವನೇ ದೋಣಿಯ ಸುತ್ತ ನಡೆದು, ಹೊಲಿಗೆಯ ಮೇಲೆ ಬೆರಳಾಡಿಸುತ್ತ ಮೂತಿಯಿಂದ ಹಿಂಬದಿಯವರೆಗೆ ನೋಡಿದ. ಆಮೇಲೆ ಉಳಿದ ಆರನ್ನೂ ಹಾಗೆಯೇ ನೋಡಿದ. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಅಷ್ಟರಲ್ಲಿ ಪಾತಿದೋಣಿಯಲ್ಲಿ ಲಚ್ಚಮ್ಮ ಬಂದು ಇಳಿದಳು.

“ನನ್ ದೋಣಿಗ್ ಬಡ್ದದ್ ಯಾರ್?”

“ನಾನೇ. ಎಂತ ಈಗ?”

ತಾಂಡೇಲ ಸೊಸೆಯ ಕಡೆಗೆ ತಿರುಗಿ ಅವಳ ಕೈಯಿಂದ ಕೊಡತಿ ತೆಗೆದುಕೊಂಡ. ಮೀರಿದ ಕಟ್ಟಳೆಗೆ ಅದನ್ನು ಕಡಲಿಗೆ ಎಸೆಯುತ್ತಾನೆಂದು ಎಲ್ಲರೂ ತಿಳಿದರು. ಅವನು ಅದರ ಹಿಡಿಯ ಮೇಲಿದ್ದ ರಕ್ತವನ್ನು ತನ್ನ ತಲೆವಸ್ತ್ರದಿಂದ ಒರೆಸಿ ಅವಳ ಕೈಗೇ ಮರಳಿ ಕೊಟ್ಟ.

“ನಾಳೆಯಿಂದ ನಾವ್ ಹೊರ್ಟ್ ಮೇಲೇ ಬಡಿನಿ ಮಗಾ. ನಮ್ಗೆ ಕೇಂತಾ ಇರ್ಲಿ,” ಎಂದ.

ಅಂದು ನೇರಳಕೋಡಿಯಲ್ಲಿ ಮೀನು ಮಾರಲು ಯಾರೂ ಹೋಗಲಿಲ್ಲ. ಏಳು ದೋಣಿಯ ಮೀನನ್ನೂ ಊರೇ ಉಂಡಿತು ಎನ್ನುತ್ತಾರೆ. ಮರುದಿನದಿಂದ ಕಟ್ಟಳೆ ತಲೆಕೆಳಗಾಯಿತು. ಚಂದು ಮುದುಕಿಯಾಗುವವರೆಗೂ ಚಳಿಗಾಲದ ಒಂದು ಬೆಳಗೂ ತಪ್ಪಿಸದೆ ಆ ಪಾರೆಗೆ ನಡೆದು ಹೋಗುತ್ತಿದ್ದಳಂತೆ. ಬಂಡೆಯ ಗುಳಿಗಳು ಆ ದಿನ ಬಿದ್ದವೋ ಆಮೇಲಿನ ಬೆಳಗುಗಳಲ್ಲಿ ಬಿದ್ದವೋ ಹೇಳಲಾಗದು.

ಈಗ ದೋಣಿಗಳಿಗೆ ಎಂಜಿನ್ ಬಂದಿದೆ, ದಾರಿ ತೋರಿಸುವ ಯಂತ್ರವೂ ಬಂದಿದೆ. ಹೊಲಿದ ದೋಣಿ ಒಂದೂ ಉಳಿದಿಲ್ಲ. ಆದರೆ ಚಳಿಗಾಲದಲ್ಲಿ ಬೆಳಗ್ಗೆ ಅಲ್ಲಿಗೆ ನಡೆದು ಹೋದವರಿಗೆ ಪಾರೆಯ ಹಿಂದಿನ ತೆಂಗಿನ ಕೆಳಗೆ ಕತ್ತ ಬಡಿಯುವ ಹೆಂಗಸರು ಇವತ್ತಿಗೂ ಕಾಣಸಿಗುತ್ತಾರೆ. ದೋಣಿಗಳು ಹೊರಟ ಮೇಲೆಯೇ ಅವರು ಕೆಲಸ ಶುರುಮಾಡುವುದು. ಯಾತ್ರಿಕರನ್ನು ಕೂರಿಸಿಕೊಂಡು ಹೋದ ದೋಣಿಯಾದರೂ ಸರಿ, ಮರಳುವಾಗ ಅಳಿವೆಯ ಬಾಯಿಗೆ ಬಂದೊಡನೆ ಎಂಜಿನ್ ತಗ್ಗಿಸಿ, ಪಾರೆಯನ್ನು ಎಡಕ್ಕಿಟ್ಟುಕೊಂಡು, ದೋಣಿಯವನು ಅಂಚಿಗೆ ಮೂರು ಸಲ ಬಡಿಯುತ್ತಾನೆ. ಯಾವ ದೇವರಿಗೆ ಎಂದು ಪರವೂರಿನವರು ಕೇಳುತ್ತಾರೆ. ಅವನು ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳುತ್ತಾನೆ. ದಂಡೆಯಿಂದ ಕೊಡತಿಯ ಸದ್ದು ಬರುತ್ತದೆ, ಆಮೇಲೆ ದೋಣಿ ಒಳಗೆ ಬರುತ್ತದೆ.