ಏಡಿ ಮುಚ್ಚಿದ ತೂತು

ಡಾಂಬರು ಬೆರೆತ ಮರಳಿನಿಂದ ಎಣ್ಣೆ ತೆಗೆಯುವ ಗಣಿಯೊಂದರ ಪಕ್ಕ ಹೊಳೆ ಹರಿಯುತ್ತಿತ್ತು. ಗಣಿ ತೊಳೆದ ಕೊಳಕು ನೀರನ್ನೆಲ್ಲ ಕುಡಿದ ಹೊಂಡವೊಂದು ಏರಿಗೆ ಒರಗಿ, ಹೊಟ್ಟೆ ಬಿಟ್ಟುಕೊಂಡು ಮಲಗಿತ್ತು. ಆ ವರ್ಷ ಹೊಳೆಗೆ ಆಮ್ಲ ಸೇರಿ ಏಡಿಯ ಮರಿಗಳೆಲ್ಲ ಚಿಪ್ಪು ಗಟ್ಟಿಯಾಗುವ ಮೊದಲೇ ಸತ್ತವು.

ತಾಯಿ ಏಡಿ ನೇರ ಹೊಂಡದ ಹತ್ತಿರ ಹೋಗಿ ಕೇಳಿತು: "ಸ್ವಾಮಿ, ಈ ಆಮ್ಲ ತಮ್ಮದೇ?"

"ಛೆ! ನನ್ನಿಂದ ಒಂದು ತೊಟ್ಟೂ ಆಚೆ ಹೋಗುವುದಿಲ್ಲ. ದಡದಲ್ಲಿ ಆ ಮುದಿ ಡಾಂಬರು ಅನಾದಿಕಾಲದಿಂದ ನೆಲದೊಳಗಿಂದ ಜಿನುಗುತ್ತಿದೆಯಲ್ಲ, ಅದನ್ನು ಕೇಳು. ತಜ್ಞರೇ ಹಾಗೆ ಬರೆದುಕೊಟ್ಟಿದ್ದಾರೆ," ಎಂದು ಹೊಂಡ ಮಗ್ಗುಲು ಬದಲಿಸಿತು.

ಏಡಿ ಡಾಂಬರಿನ ಬುಡದ ನೀರನ್ನು ಬಾಯಿಗೆ ಹಾಕಿಕೊಂಡು ನೋಡಿತು. ಒಂಚೂರು ಕಹಿ, ಅಷ್ಟೇ.

"ನಾನು ವರ್ಷಕ್ಕೆ ನಾಲ್ಕು ತೊಟ್ಟು ಜಿನುಗುವವನು, ಮಗಳೇ," ಎಂದಿತು ಡಾಂಬರು, ಹೊಂಡ ಹೊರಿಸಿದ ದೂರು ಕೇಳಿ. "ನಿನ್ನ ಮುತ್ತಜ್ಜಿ ಇದೇ ನೀರಿನಲ್ಲಿ ನೂರು ಮರಿ ಸಾಕಿದಳು. ನನ್ನನ್ನು ಸಾಕ್ಷಿ ಕರೆಯದೆ ತೀರ್ಪು ಬರೆದವರು ಯಾರು?"

ಏಡಿ ಅಲ್ಲಿಂದ ಹೊರಟಿತು. ಹೆಜ್ಜೆಗೊಮ್ಮೆ ನೀರಿನ ರುಚಿ ನೋಡುತ್ತಾ, ಅಡ್ಡಡ್ಡ ನಡೆಯುತ್ತಾ ಏರಿಯ ಬುಡಕ್ಕೆ ಬಂದಾಗ ಬಾಯಿ ಚುರ್ರೆಂದಿತು. ಅಲ್ಲೊಂದು ತೂತು ಸೋರುತ್ತಿತ್ತು. ಏಡಿ ತನ್ನ ಬಿಲದ ಬಾಯಿ ಮುಚ್ಚುವ ಹಾಗೆಯೇ ಜೇಡಿಮಣ್ಣು ತಂದು ಅದನ್ನು ಗಟ್ಟಿಯಾಗಿ ಮೆತ್ತಿಬಿಟ್ಟಿತು.

ಸ್ವಲ್ಪ ಹೊತ್ತಿಗೆಲ್ಲ ಹೊಂಡ ಹೊಟ್ಟೆ ಉಬ್ಬರಿಸಿ ಬೊಬ್ಬೆ ಹಾಕಿತು: "ಯಾವನೋ ಅವನು, ನನ್ನ ದಾರಿ ಮುಚ್ಚಿದವನು?"

"ಯಾವ ದಾರಿ, ಸ್ವಾಮಿ?" ಎಂದಿತು ಏಡಿ, ಇನ್ನೊಂದು ಹಿಡಿ ಮಣ್ಣು ಮೆತ್ತುತ್ತಾ.