ಈರಬಸಪ್ಪ ಗೌಂಡಿಯ ಗಡ್ಡ

ಈರಬಸಪ್ಪ ಎಂಬ ಗೌಂಡಿಗೆ ತನ್ನ ಕಣ್ಣಿನ ಮೇಲೆ ಬಹಳ ಅಭಿಮಾನ. ಗೋಡೆ ಕಟ್ಟುವವರೆಲ್ಲ ತಮ್ಮ ಚೀಲದಲ್ಲಿ ಒಂದು ತೂಗುಗುಂಡು ಇಟ್ಟುಕೊಂಡಿರುತ್ತಾರೆ. ದಾರದ ತುದಿಗೆ ಕಟ್ಟಿದ ಕಬ್ಬಿಣದ ಗುಂಡು ಅದು. ಗೋಡೆಯ ಮೇಲಿನಿಂದ ಇಳಿಬಿಟ್ಟರೆ ದಾರ ನೆಟ್ಟಗೆ ನಿಲ್ಲುತ್ತದೆ. ಗೋಡೆ ವಾಲಿದ್ದರೆ ಆಗ ಯಾರಿಗಾದರೂ ತಿಳಿಯುತ್ತದೆ. ಈರಬಸಪ್ಪನ ಚೀಲದಲ್ಲೂ ಗುಂಡು ಇತ್ತು. ಆದರೆ ಅವನು ಅದನ್ನು ಹೊರಗೆ ತೆಗೆಯುವುದು ಅಪರೂಪ.

“ನನ್ನ ಕಣ್ಣೇ ಗುಂಡು” ಎನ್ನುತ್ತಿದ್ದ.

ಹತ್ತು ಸಲಕ್ಕೆ ಒಂಬತ್ತು ಸಲ ಅವನ ಕಣ್ಣು ಸರಿಯಾಗಿಯೇ ಇರುತ್ತಿತ್ತು. ತೊಂದರೆ ಬಂದದ್ದೂ ಅದರಿಂದಲೇ.

ಅವನ ಜೊತೆ ಹನ್ನೆರಡು ವರ್ಷದಿಂದ ದಾವಲಸಾಬ ಎಂಬ ಹಿರಿಯ ಗೌಂಡಿ ಕೆಲಸ ಮಾಡುತ್ತಿದ್ದ. ಈರಬಸಪ್ಪ ಅವನನ್ನು ಕಾಕಾ ಎಂದು ಕರೆಯುತ್ತಿದ್ದ. ಒಂದು ಸೋಮವಾರ ಇಬ್ಬರೂ ಒಂದು ಹಿತ್ತಲಿಗೆ ಆವಾರದ ಗೋಡೆ ಕಟ್ಟುತ್ತಿದ್ದರು. ಸಂಜೆ ಈರಬಸಪ್ಪ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದ.

“ಕಾಕಾ, ನೀ ಕಟ್ಟಿದ ಕಡಿ ಗೋಡಿ ವಾಲೇತಿ.”

“ಗುಂಡು ಬಿಟ್ಟು ನೋಡಪಾ ತಮ್ಮಾ.”

“ಗುಂಡು ಯಾಕ? ನನಗ ಕಾಣತೈತಲ್ಲ! ನಿನಗ ವಯಸ್ಸಾತು, ಕಣ್ಣು ಮಂಜಾಗ್ಯಾವ. ಶುಕ್ರವಾರ ಬಂದು ನಾನ ಕೆಡವಸ್ತೀನಿ.”

ದಾವಲಸಾಬ ತನ್ನ ಗಾರೆಯ ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಮಂಗಳವಾರ ಬರಲಿಲ್ಲ. ಬುಧವಾರವೂ ಬರಲಿಲ್ಲ.

ಗುರುವಾರ ಈರಬಸಪ್ಪನಿಗೆ ಕೆಲಸದ ಚಿಂತೆಯೇ ಇರಲಿಲ್ಲ. ಅವನ ಹೆಂಡತಿ ನೀಲವ್ವ ತವರಿನಲ್ಲಿ ಹೆಣ್ಣು ಹಡೆದು ಹದಿಮೂರನೆಯ ದಿನ ಅದು. ಆ ಸಂಜೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಶಿವ ಕಣ್ಣು ತೆರೆದಿದ್ದ. ಈರಬಸಪ್ಪ ಇನ್ನೂ ಮಗಳ ಮುಖ ನೋಡಿರಲಿಲ್ಲ. ಅವನ ಬಸ್ಸು ಹನ್ನೆರಡು ಗಂಟೆಗೆ.

ಹೆಂಡತಿ ಹಡೆಯುವ ತನಕ ಗಂಡ ಗಡ್ಡಕ್ಕೆ ಕತ್ತರಿ ಹಚ್ಚಬಾರದು ಎಂಬುದು ಅವರ ಮನೆತನದ ನಡೆ. ಸೀಮಂತದ ಕುಬಸ ಮಾಡಿಸಿಕೊಂಡು ನೀಲವ್ವ ತವರಿಗೆ ಹೋದ ದಿನದಿಂದ ಅವನು ಗಡ್ಡ ಬಿಟ್ಟಿದ್ದ. ಅದೀಗ ಮೂರು ಬೆರಳು ಬೆಳೆದಿತ್ತು. ಹಿಂದಿನ ದಿನ ನೀಲವ್ವ ಫೋನಿನಲ್ಲಿ ಹೇಳಿದ್ದಳು:

“ಪೂರಾ ಬೋಳಿಸಿಕೊಂಡು ಬರಬ್ಯಾಡ್ರಿ. ಈ ಕೂಸಿನ ಸಲುವಾಗಿ ಬಿಟ್ಟ ಗಡ್ಡ, ನಾ ಒಮ್ಮೆನೂ ನೋಡಿಲ್ಲ. ಚಂದಂಗ ಕತ್ತರಿಸಿಕೊಂಡು ಬರ್ರಿ. ಹಂಗಂತ ಕರಡಿ ಗತೆ ಬಂದ್ರ ನಮ್ಮವ್ವ ಬಾಗಲಾ ತೆಗಿಯೂದಿಲ್ಲ ಮತ್ತ!”

ಮೂರು ತಿಂಗಳಲ್ಲಿ ಅವಳು ಕೇಳಿದ್ದು ಅದೊಂದೇ. ಈರಬಸಪ್ಪ ಅದನ್ನು ನಡೆಸಿಕೊಡಲೇಬೇಕೆಂದು ಬೆಳಿಗ್ಗೆ ಬೇಗ ಎದ್ದ.

“ಕಟಿಂಗ್ ಅಂಗಡಿಗೆ ಹೋಗಿ ಬಾರೋ” ಎಂದಳು ಮನೆಯಲ್ಲಿದ್ದ ಅವನ ಅಕ್ಕ ಕಾಶವ್ವ.

“ನಲವತ್ತು ಅಡಿ ಗೋಡಿ ನೆಟ್ಟಗ ಕಟ್ಟಾವಗ ಮೂರು ಬೆರಳ ಗಡ್ಡ ಯಾವ ಲೆಕ್ಕ ಅಕ್ಕಾ?”

ಪಡಸಾಲೆಯ ಗೋಡೆಗೆ ಮರದ ಕಟ್ಟಿನ ಒಂದು ಕನ್ನಡಿ ತೂಗುಹಾಕಿತ್ತು. ಈರಬಸಪ್ಪ ಗಡ್ಡಕ್ಕೆ ಚೆನ್ನಾಗಿ ನೀರು ಹಚ್ಚಿ, ಕತ್ತರಿ ಹಿಡಿದು ಅದರ ಮುಂದೆ ನಿಂತ. ಗೌಂಡಿಯಲ್ಲವೇ? ಗೆರೆಯಿಲ್ಲದೆ ಅವನ ಕೈ ನಡೆಯದು. ಕನ್ನಡಿಯ ಕೆಳಗಿನ ಕಟ್ಟನ್ನೇ ಗೆರೆ ಎಂದು ಹಿಡಿದ. ಗಡ್ಡದ ಅಂಚು ಆ ಕಟ್ಟಿಗೆ ಸಮವಾಗಿ ಬರುವಂತೆ ಕಚ್ ಕಚ್ ಎಂದು ಕತ್ತರಿಸಿದ. ಆ ಕಡೆ ಈ ಕಡೆ ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಮೀಸೆಯಲ್ಲೇ ನಗುತ್ತ ಅಂಗಳಕ್ಕೆ ಬಂದ.

ಕಾಶವ್ವ ಅಕ್ಕಿ ಆರಿಸುತ್ತಿದ್ದವಳು ಕನ್ನಡಕ ಸರಿಮಾಡಿಕೊಂಡು ತಲೆಯೆತ್ತಿ ನೋಡಿದಳು. ಸೆರಗು ಬಾಯಿಗೆ ಹಿಡಿದಳು.

“ಎಡಗಡೆ ಉದ್ದ ಆಗೇತಲ್ಲೋ!”

ಈರಬಸಪ್ಪ ಒಳಗೆ ಓಡಿ ಕನ್ನಡಿ ನೋಡಿದ. ಸಮವಾಗಿಯೇ ಇತ್ತು.

“ನಿನ್ನ ಚಾಳೀಸ ಬದಲಿ ಮಾಡಸಬೇಕು ಅಕ್ಕಾ.”

ಅಷ್ಟರಲ್ಲಿ ಮಜ್ಜಿಗೆ ಕೇಳಲು ಪಕ್ಕದ ಮನೆಯಾಕೆ ಬಂದಳು. ಬಂದವಳು ಚೊಂಬು ನೆಲಕ್ಕಿಟ್ಟು, “ಅಣ್ಣಾರ, ಗಡ್ಡ ಯಾಕ ಗುಡ್ಡ ಇಳದಂಗ ಕಾಣತೈತಿ?” ಎಂದು ಕೇಳಿಯೇಬಿಟ್ಟಳು.

ಈರಬಸಪ್ಪನಿಗೆ ಸಿಟ್ಟು ಬಂತು. ಇವರ ಬಾಯಿ ಮುಚ್ಚಿಸಬೇಕೆಂದು ಮತ್ತೆ ಕನ್ನಡಿಯ ಮುಂದೆ ನಿಂತು, ಮತ್ತೆ ಕಟ್ಟಿನ ಸಮಕ್ಕೆ ಇನ್ನಷ್ಟು ಕತ್ತರಿಸಿದ. ಹೊರಗೆ ಬಂದ. ಇಬ್ಬರೂ ಹೆಂಗಸರು ಒಟ್ಟಿಗೆ ತಲೆಯಲ್ಲಾಡಿಸಿದರು. ಎಡಗಡೆ ಇನ್ನೂ ಉದ್ದವೇ. ಮತ್ತೆ ಒಳಗೆ ಹೋದ. ಮೂರು ಬೆರಳಿದ್ದ ಗಡ್ಡ ಎರಡಾಯಿತು, ಎರಡು ಒಂದೂವರೆಯಾಯಿತು. ಡೊಂಕು ಮಾತ್ರ ಹಾಗೇ ಇತ್ತು. ಕನ್ನಡಿಯಲ್ಲಿ ಮಾತ್ರ ಎಲ್ಲ ನೆಟ್ಟಗೆ.

“ಹಿಂಗ ನಡಸಿದ್ರ ಬಸ್ಸಿನ ಹೊತ್ತಿಗೆ ಬರೇ ಗದ್ದ ಹೊತ್ಕೊಂಡು ಹೋಗ್ತಿ ನೋಡು! ನೀಲವ್ವಗ ಏನು ಹೇಳ್ತಿ?” ಎಂದಳು ಕಾಶವ್ವ.

ಅವನು ಕತ್ತರಿ ಕೆಳಗಿಟ್ಟ. ಒಂದೂವರೆ ಬೆರಳು ಉಳಿದಿದೆ. ಇನ್ನೊಂದು ಸಲ ತಪ್ಪಿದರೆ ತೋರಿಸಲು ಏನೂ ಇರುವುದಿಲ್ಲ.

ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ದಾವಲಸಾಬ. ಬಿಳಿಯ ಗಡ್ಡ ಎಂದಿನಂತೆ ಅಚ್ಚುಕಟ್ಟಾಗಿತ್ತು. ಶುಕ್ರವಾರಕ್ಕೊಮ್ಮೆ ಅವನು ತನ್ನ ಗಡ್ಡವನ್ನು ಮನೆಯಲ್ಲಿ ತಾನೇ ಕತ್ತರಿಸಿಕೊಳ್ಳುತ್ತಿದ್ದ. ಕೈಯಲ್ಲಿ ಕಾಗದದ ಒಂದು ಪೊಟ್ಟಣವಿತ್ತು.

“ಕೂಸಿನ ತಲಿಗೆ ಕುಂಚಿಗಿ. ನಿಮ್ಮ ಕಾಕಿ ಹೊಲದಾಳ. ಕೊಟ್ಟು ಹೋಗ್ತೀನಿ” ಎಂದ. ಅಷ್ಟರಲ್ಲಿ ಅವನ ಕಣ್ಣು ಈರಬಸಪ್ಪನ ಗಡ್ಡಕ್ಕೆ ಬಿತ್ತು. ತುಟಿ ಕಚ್ಚಿ ಹಿಡಿದ. ಆದರೂ ಭುಜ ಕುಣಿಯಿತು.

“ನೀನೂ ನಗ್ತಿ ಏನು ಕಾಕಾ? ಬಾ, ಕನ್ನಡ್ಯಾಗ ನೋಡ ಬಾ! ಎಷ್ಟು ನೆಟ್ಟಗೈತಿ!”

ದಾವಲಸಾಬ ಅವನ ಹಿಂದೆ ನಿಂತು ಕನ್ನಡಿ ನೋಡಿದ. ಮುಖ ನೋಡಿದ. ಮತ್ತೆ ಕನ್ನಡಿ ನೋಡಿದ.

“ತಮ್ಮಾ, ನಿನ್ನ ಚೀಲದಾಗಿನ ಗುಂಡು ಎಲ್ಲೈತಿ?”

“ಗಡ್ಡಕ್ಕ ಗುಂಡು ಬಿಡಾಂವೇನು?”

“ಗಡ್ಡಕ್ಕಲ್ಲಪಾ. ಕನ್ನಡಿಗೆ.”

ಈರಬಸಪ್ಪ ಗುಂಡು ತಂದ. ದಾವಲಸಾಬನನ್ನು ಸುಳ್ಳು ಮಾಡುವ ಉತ್ಸಾಹದಲ್ಲಿ ತಾನೇ ಕನ್ನಡಿಯ ಮೇಲಿನ ಮೂಲೆಗೆ ದಾರ ಹಿಡಿದು ಇಳಿಬಿಟ್ಟ. ಗುಂಡು ಅತ್ತಿತ್ತ ತೂಗಿ ನಿಂತಿತು. ದಾರ ಒಂದು ಕಡೆ, ಕನ್ನಡಿಯ ಕಟ್ಟು ಒಂದು ಕಡೆ. ನಡುವೆ ಎರಡು ಬೆರಳ ಸಂದು.

ಕಾಶವ್ವ ನಿಧಾನವಾಗಿ ಕೇಳಿದಳು: “ಈ ಕನ್ನಡಿಗೆ ಮೊಳಿ ಹೊಡದಾಂವ ಯಾರೋ ಈರ್ಯಾ?”

ಹೊಡೆದವನು ಈರಬಸಪ್ಪನೇ. ಹೋದ ದೀಪಾವಳಿಗೆ ಸುಣ್ಣ ಬಳಿದ ಮೇಲೆ, ಬರೀ ಕಣ್ಣಳತೆಯಲ್ಲಿ.

ಮೊದಲು ಪಕ್ಕದ ಮನೆಯಾಕೆ ನಕ್ಕಳು. ಆಮೇಲೆ ಕಾಶವ್ವ. ಕಡೆಗೆ ಈರಬಸಪ್ಪನೇ ಹೊಟ್ಟೆ ಹಿಡಿದುಕೊಂಡು ನಗುತ್ತ ಕೆಳಗೆ ಕುಳಿತ. ನಗುನಗುತ್ತಲೇ ಅವನ ಮುಖ ಸಣ್ಣದಾಯಿತು.

“ಕಾಕಾ... ಸೋಮವಾರ ನಾ ಆ ಗೋಡಿ ಯಾವುದಕ್ಕ ಹೋಲಿಸಿ ನೋಡಿದ್ನಿ ಗೊತ್ತೇನು? ಪಕ್ಕಕ್ಕಿದ್ದ ಬಿದರಿನ ಗಳಕ್ಕ.”

“ಗೊತ್ತೈತಿ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ನಲ್ಲಪಾ, ಗುಂಡು ಬಿಟ್ಟು ನೋಡು ಅಂತ. ಇರಲಿ, ಗೋಡಿ ಮಾತು ಆಮ್ಯಾಲ. ಹನ್ನೊಂದಾಗಾಕ ಬಂತು, ಬೆಳಕಿಗೆ ಬಂದು ಕುಂದರು.”

ದಾವಲಸಾಬ ಅವನನ್ನು ಅಂಗಳದ ಬಿಸಿಲಿಗೆ ಕೂರಿಸಿದ. ಗಡ್ಡದ ನೀರನ್ನು ಹೆಗಲ ಮೇಲಿನ ಪಂಚೆಯಿಂದ ಒರೆಸಿ ಒಣಗಿಸಿದ. “ಹಸಿ ಕೂದಲು ಉದ್ದ ಕಾಣತಾವ. ಮೋಸಹೋಗಿ ಜಾಸ್ತಿ ಕತ್ತರಸ್ತೀವಿ” ಎಂದ. ಬಾಚಣಿಗೆಯಿಂದ ಕೆಳಮುಖವಾಗಿ ಬಾಚಿದ. ಬಾಚಣಿಗೆಯ ಹಲ್ಲು ದಾಟಿ ಹೊರಗೆ ಬಂದಷ್ಟನ್ನು ಮಾತ್ರ ಕತ್ತರಿಸಿದ. ಈ ಕಿವಿಯಿಂದ ಗದ್ದಕ್ಕೆ ಬಂದ, ಆ ಕಿವಿಯಿಂದ ಗದ್ದಕ್ಕೆ ಬಂದ. ಗಂಟಲ ಉಬ್ಬಿನ ಮೇಲೆ ಎರಡು ಬೆರಳಿಟ್ಟು, ಅದರ ಕೆಳಗಿನದನ್ನು ತೆಗೆದ. ನಾಲ್ಕು ಕೂದಲು ಕತ್ತರಿಸುವುದು, ಹಿಂದೆ ಸರಿದು ನೋಡುವುದು. ಮತ್ತೆ ನಾಲ್ಕು, ಮತ್ತೆ ನೋಡುವುದು. ನಡುನಡುವೆ ಕಾಶವ್ವನನ್ನು ಕೇಳುವುದು: “ಹೆಂಗವ್ವಾ, ಸಮ ಆತೇನು?”

“ನಿನ್ನ ಕಣ್ಣಿನ ಮ್ಯಾಲ ನಿನಗೂ ನಂಬಿಗಿ ಇಲ್ಲೇನು ಕಾಕಾ?” ಎಂದ ಈರಬಸಪ್ಪ.

“ಇದ್ದದ್ದಕ್ಕ ಕೇಳ್ತೀನಪಾ. ಅಲ್ಲಾಡಬ್ಯಾಡ, ಕಿವಿ ಹೋದೀತು!”

ಕಡೆಗೆ ಒಂದು ಬೆರಳ ಗಡ್ಡ ಉಳಿಯಿತು. ಕಾಶವ್ವ ತನ್ನ ಕುಂಕುಮದ ಭರಣಿಯೊಳಗಿನ ಪುಟ್ಟ ಕನ್ನಡಿ ತಂದು ಹಿಡಿದಳು. ಈರಬಸಪ್ಪ ನೋಡಿಕೊಂಡ. ತನ್ನ ಮುಖ ಇಷ್ಟು ಚೆಂದವಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸ್ನಾನ ಮಾಡಿ, ವಿಭೂತಿ ಧರಿಸಿ, ದೇವರಿಗೆ ಕೈಮುಗಿದು, ಗುಂಡನ್ನು ಚೀಲಕ್ಕೆ ಹಾಕಿಕೊಂಡು ದಾವಲಸಾಬನ ಜೊತೆ ಹೊರಟ. ಬಸ್ಸಿನ ಹಾದಿಯಲ್ಲೇ ಆ ಹಿತ್ತಲು ಇತ್ತು. ಹೊಸ ಅಂಗಿ ಮಣ್ಣಾದೀತೆಂದು ದಾವಲಸಾಬ ಎಷ್ಟು ಹೇಳಿದರೂ ಕೇಳದೆ ಈರಬಸಪ್ಪ ಗೋಡೆಯ ಹತ್ತಿರ ಹೋಗಿ ಗುಂಡು ಇಳಿಬಿಟ್ಟ. ದಾರ ಗೋಡೆಯ ಮೈ ಸವರಿಕೊಂಡು ನೆಟ್ಟಗೆ ಇಳಿಯಿತು. ವಾಲಿದ್ದು ಪಕ್ಕದ ಬಿದಿರಿನ ಗಳ.

ಅಲ್ಲಿ ಗಾರೆ ಕಲಸುತ್ತಿದ್ದ ಕೆಲಸದವರೆಲ್ಲ ನೋಡುತ್ತಿದ್ದರು. ಅವರ ಮುಂದೆಯೇ ಅವನು ದಾವಲಸಾಬನ ಎರಡೂ ಕೈ ಹಿಡಿದುಕೊಂಡ.

“ತಪ್ಪಾತು ಕಾಕಾ. ನೆಟ್ಟಗಿದ್ದ ಗೋಡಿ ಕೆಡವತಿದ್ದೆ. ನಿನ್ನ ಮನಸ್ಸು ಕೆಡವಿದ್ದಂತೂ ಆಗೇಹೋತು.”

“ಹೋಗೋ ಹುಚ್ಚಾ. ದೇವರು ದೊಡ್ಡವ. ಗೋಡಿಗೆ ಬರೂದನ್ನ ಗಡ್ಡದ ಮ್ಯಾಲ ಕಳದ. ಗಡ್ಡ ಮತ್ತ ಬೆಳೀತೈತಿ. ಓಡು, ಬಸ್ಸು ಬಂತು!”

ಸಂಜೆ ತವರುಮನೆಯ ಪಡಸಾಲೆಯಲ್ಲಿ ತೊಟ್ಟಿಲು ಸಿಂಗಾರವಾಗಿತ್ತು. ನೀಲವ್ವ ಗಂಡನ ಮುಖ ನೋಡಿದಳು. ಈ ಬದಿ ನೋಡಿದಳು, ಆ ಬದಿ ನೋಡಿದಳು. ಅವನು ಗದ್ದ ಮೇಲೆತ್ತಿ ನಿಂತ.

“ಯಾರು ಕತ್ತರಿಸ್ಯಾರ್ರಿ ಇಷ್ಟು ಚಂದ?”

“ನಾನು ಕೆಡಿಸಿದ್ನಿ, ಕಾಕಾ ಕಟ್ಟಿದ” ಎಂದ ಈರಬಸಪ್ಪ. ನಡೆದದ್ದನ್ನೆಲ್ಲ ಹೇಳಿದ. ಬಾಣಂತಿ ನಗಬಾರದು, ಹೊಟ್ಟೆ ನೋಯುತ್ತದೆ ಎಂದು ಅತ್ತೆ ಗದರಿಸುತ್ತಲೇ ಇದ್ದಳು. ನೀಲವ್ವ ನಗುತ್ತಲೇ ಇದ್ದಳು. ಗದರಿಸುತ್ತಿದ್ದ ಅತ್ತೆಯೂ ಗೋಡೆಯ ಕಡೆ ಮುಖ ತಿರುಗಿಸಿ ನಕ್ಕಳು.

ಆಮೇಲೆ ಕುಂಚಿಗೆ ತೊಡಿಸಿದ ಕೂಸನ್ನು ಅವನ ತೊಡೆಗೆ ಹಾಕಿದರು. ಅವನು ಮುಖ ಹತ್ತಿರ ತಂದ. ಕೂಸು ಕಣ್ಣು ಮುಚ್ಚಿಕೊಂಡೇ ಕೈ ಆಡಿಸಿ, ಸಿಕ್ಕ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಉಳಿದದ್ದು ಒಂದೇ ಬೆರಳಷ್ಟು. ಹದಿಮೂರು ದಿನದ ಮುಷ್ಟಿಗೆ ಅದು ಸರಿಹೋಯಿತು.

ಊರಿಗೆ ಮರಳಿದ ಮೇಲೆ ಈರಬಸಪ್ಪ ಮೊದಲು ಮಾಡಿದ ಕೆಲಸವೆಂದರೆ ಕನ್ನಡಿಯ ಮೊಳೆ ಕಿತ್ತು, ಗುಂಡು ಹಿಡಿದು, ಅಕ್ಕನನ್ನು ಕೇಳಿ ಮತ್ತೆ ಹೊಡೆದದ್ದು.

ನೀತಿ: ಯಾವುದನ್ನಾದರೂ ಡೊಂಕೆಂದು ಕತ್ತರಿಸುವ ಮೊದಲು, ಕೆಡವುವ ಮೊದಲು, ನಾವು ಯಾವುದನ್ನು ಹಿಡಿದು ಅಳೆಯುತ್ತಿದ್ದೇವೋ ಅದು ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು. ಪಕ್ಕದವರ ಕಣ್ಣನ್ನು ಕೇಳಿದರೆ ನಮ್ಮ ಕಣ್ಣು ಸಣ್ಣದಾಗುವುದಿಲ್ಲ.