ಬಚ್ಚಲ ನೀರು ಹೊತ್ತ ಕೆಂದ

ಒಂದಾನೊಂದು ಬೋಳು ಗುಡ್ಡ. ಅದರ ಮೇಲೊಂದು ಕೋಟೆ, ಕೋಟೆಯೊಳಗೊಬ್ಬ ರಾಜ ಇದ್ದನಂತೆ. ಅಲ್ಲಿ ಎಲ್ಲ ಇತ್ತು, ನೀರೊಂದಿರಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಹೊಂಡ. ಕಲ್ಲವ್ವ ಅನ್ನೋ ಮುದುಕಿ ತನ್ನ ಎತ್ತಿನ ಬೆನ್ನಿಗೆ ತೊಗಲ ಚೀಲ ಹೇರಿ ಅರಮನೆಗೆ ನೀರು ಹತ್ತಿಸುತ್ತಿದ್ದಳಂತೆ. ಎತ್ತಿನ ಹೆಸರು ಕೆಂದ. ಮುದುಕಿಗೆ ಹಿಂದೆ ಮುಂದೆ ಯಾರೂ ಇಲ್ಲ. ಮಗ ಅಂದರೂ ಕೆಂದ, ಅನ್ನ ಅಂದರೂ ಕೆಂದ.

ಒಂದು ದಿನ ಹೊಂಡದ ಮೇಲ್ಗಡೆ, ಜೊಂಡಿನ ಸಂದಿಯಲ್ಲಿ, ಕಲ್ಲವ್ವನಿಗೆ ಸೀಗೆಕಾಯಿ ನೊರೆ ಕಂಡಿತಂತೆ. ಜಾಡು ಹಿಡಿದು ಹತ್ತಿದರೆ ಅದು ಅರಮನೆಯ ಬಚ್ಚಲಿಗೇ ಹೋಗಿ ಮುಟ್ಟಿತು. ಮಡಿಯ ಹೆಂಗಸು, ಬಚ್ಚಲ ನೀರು ಹೊಂಡಕ್ಕೆ ಇಳಿಯುತ್ತಿದೆ ಅಂತ ಹೋಗಿ ರಾಜನಿಗೆ ಹೇಳಿಬಿಟ್ಟಳು. ರಾಜನೋ ಎಂಜಲು ಕಂಡರೆ ಮಾರುದೂರ ಹಾರುವವನು. ಬಚ್ಚಲ ಕಾಲುವೆಯನ್ನು ಗುಡ್ಡದ ಆಚೆ ಮಗ್ಗುಲಿಗೆ, ಬರೀ ಬಂಡೆ ಇರುವ ಕಡೆಗೆ ತಿರುಗಿಸಿಬಿಟ್ಟ. ಮುದುಕಿಗೆ ಒಂದು ಸೀರೆಯೂ ಸಿಕ್ಕಿತಂತೆ.

ಬೇಸಿಗೆ ಬಂತು. ಕೆಂದ ಹತ್ತಿತು, ಇಳಿಯಿತು, ಹತ್ತಿತು, ಇಳಿಯಿತು. ಹೊಂಡ ಕೆಸರಾಯಿತು. ದೂರದ ಹೊಳೆಯಿಂದ ತರಬೇಕಾಯಿತು. ಕೆಂದನ ಗೊರಸು ಸವೆದವು, ಎಲುಬು ಎದ್ದವು. ರಾಜ ಹೇಳಿಕಳಿಸಿದನಂತೆ: ಎತ್ತು ಸತ್ತರೆ ತೊಗಲು ಚೀಲಕ್ಕಾದೀತು, ನೀರು ನಿಲ್ಲಬಾರದು.

ಕಲ್ಲವ್ವ ಎತ್ತಿನ ಕೊರಳು ತಬ್ಬಿ ಅತ್ತಳಂತೆ. ಆಗ ಕೆಂದ ಮಾತಾಡಿತು. ಆ ಕಾಲದಲ್ಲಿ ಎತ್ತುಗಳು ಮಾತಾಡುತ್ತಿದ್ದವು, ಹೇಳುವಂಥದ್ದು ಇದ್ದಾಗ ಮಾತ್ರ. ರಾಜನ ಹತ್ತಿರ ಕರೆದುಕೊಂಡು ನಡಿ ಅಂದಿತಂತೆ.

ರಾಜನ ಮುಂದೆ ನಿಂತು ಹೇಳಿತು: “ನಾ ಹೊತ್ತ ನೀರು ಮೊದಲು ತಾನಾಗೇ ಹೊಂಡಕ್ಕ ಇಳದು ಬರ್ತಿತ್ತು ದೊರೀ. ಅದನ್ನ ಮತ್ತ ಹೊರತಿದ್ದೆ. ಈಗ ತಂದದ್ದೆಲ್ಲ ಬಂಡೆ ಮ್ಯಾಲೆ ಒಣಗತೈತಿ. ದಿನಾ ಹೊಸಾ ನೀರು ಎಲ್ಲಿಂದ ತರಲಿ?”

“ಬಚ್ಚಲ ನೀರು ಕುಡಿ ಅಂತೀಯೇನು?” ಅಂದ ರಾಜ.

“ಇಷ್ಟು ವರ್ಷ ಕುಡದದ್ದು ಮತ್ತೇನಿತ್ತು ದೊರೀ?”

ರಾಜ ಕಾಲುವೆಯನ್ನು ಮತ್ತೆ ಈಚೆಗೆ ತಿರುಗಿಸಿದನಂತೆ. ಗುಡ್ಡದ ನಡುವೆ ಮರಳು ಹಾಸಿ, ಜೊಂಡು ನೆಟ್ಟು, ತೊಟ್ಟಿ ಕಟ್ಟಿಸಿದ. ಬಟ್ಟೆಗೆ, ತೋಟಕ್ಕೆ, ಕುದುರೆ ಮೈ ತೊಳೆಯಲು ತೊಟ್ಟಿಯ ನೀರು. ಕುಡಿಯಲು ಮಾತ್ರ, ತೊಟ್ಟಿಯಿಂದ ಸೋಸಿ ಇಳಿದ ಕೆಳಗಿನ ಹೊಂಡದ್ದು. ಖರ್ಚು ಜಾಸ್ತಿಯಾಯಿತು ಅಂತ ಮಂತ್ರಿ ಗೊಣಗಿದಾಗ, ದಿನಾ ಹೊಳೆಗೆ ಹೋಗಿ ಬರುವುದಕ್ಕಿಂತ ಕಡಿಮೆಯೇ ಅಂದನಂತೆ ರಾಜ.

ಕೆಂದನ ಬೆನ್ನ ಮೇಲೆ ಮತ್ತೆ ಮಾಂಸ ತುಂಬಿತು. ಕಲ್ಲವ್ವ ಹೊಂಡದ ನೀರನ್ನೇ ಕುಡಿದಳು, ಕಣ್ಣು ಮುಚ್ಚಿಕೊಂಡು.

ಕೆಂದ ಅಲ್ಲಿ ಮೆಲುಕು ಹಾಕುತ್ತಿದೆ, ನೀವಿಲ್ಲಿ ಆಕಳಿಸುತ್ತಿದ್ದೀರಿ. ಏಳಿ, ಹಾಸಿಗೆ ಹಾಸಿ.